ಮೊದಲ ಔಟ್‌ಡೋರ್ ಮಾಡೆಲ್ ಶೂಟ್: ಶೆಟ್ಟಿಹಳ್ಳಿಯಲ್ಲಿ ಕೆಟ್ಟಿದ್ದು, ಕಾಫಿ ಕಣದಲ್ಲಿ ಸಿಕ್ಕಿದ್ದು

[ಪರದೆಯ ಮೇಲೆ: ಶೆಟ್ಟಿಹಳ್ಳಿ ಚರ್ಚ್‌ನ ಫೋಟೋ. ಜನ ಯಾರೂ ಇಲ್ಲ.]

ನಮಸ್ಕಾರ. ಈ ಫೋಟೋ ಚೆನ್ನಾಗಿದೆ ಅಲ್ವಾ? ಆದರೆ ಅವತ್ತು ನಾನು ಹೋಗಿದ್ದು ಚರ್ಚ್ ಫೋಟೋ ತೆಗೆಯೋಕಲ್ಲ. ಚಿಕ್ಕಮ್ಮನ ಮಗಳನ್ನು ನಿಲ್ಲಿಸಿ, ಜೀವನದಲ್ಲೇ ಮೊದಲ ಸಲ ಔಟ್‌ಡೋರ್ ಮಾಡೆಲ್ ಶೂಟ್ ಮಾಡೋಕೆ. 214 ಫೋಟೋ ತೆಗೆದೆ. ಇಟ್ಟುಕೊಳ್ಳುವ ಹಾಗೆ ಬಂದಿದ್ದು ಇದೊಂದೇ. ಇದರಲ್ಲಿ ಅವಳೇ ಇಲ್ಲ.

ಏನಾಯ್ತು ಅಂತ ಹೇಳುತ್ತೇನೆ.

ಹಾಸನದವರಿಗೆ ಶೆಟ್ಟಿಹಳ್ಳಿ ಹೊಸದಲ್ಲ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚ್. ಮಳೆಗಾಲದಲ್ಲಿ ಗೊರೂರು ಅಣೆಕಟ್ಟಿನ ಹಿನ್ನೀರು ಅದನ್ನು ಅರ್ಧ ಮುಳುಗಿಸುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ನಡೆದುಕೊಂಡೇ ಹೋಗಬಹುದು. ನಾವು ಹೋಗಿದ್ದು ಮಾರ್ಚ್‌ನಲ್ಲಿ. ಬೆಳಗ್ಗೆ ಏಳಕ್ಕೇ ಹೊರಡಬೇಕು ಅಂತ ಪ್ಲಾನ್. ತಿಂಡಿ ತಿನ್ನದೆ ಅಮ್ಮ ಬಿಡಲಿಲ್ಲ, ಮೇಲೆ ಚಿತ್ರಾನ್ನ ಬೇರೆ ಕಟ್ಟಿಕೊಟ್ಟರು. ಅಲ್ಲಿ ಮುಟ್ಟಿದಾಗ ಹನ್ನೆರಡೂವರೆ.

ನೆತ್ತಿ ಮೇಲೆ ಸೂರ್ಯ. ನನಗೆ ಮಾತ್ರ ಖುಷಿಯೋ ಖುಷಿ. ಬೆಳಕು ಜಾಸ್ತಿ ಇದ್ದಷ್ಟೂ ಫೋಟೋ ಚೆನ್ನಾಗಿ ಬರುತ್ತದೆ ಅಂತಲೇ ಆಗ ನಂಬಿದ್ದೆ.

[ಪರದೆಯ ಮೇಲೆ: ತಂಗಿಯ ಮುಖ, ಹತ್ತಿರದಿಂದ. ಅವಳನ್ನು ಕೇಳಿಯೇ ಹಾಕಿದ್ದು.]

ನೋಡಿ. ಬೆಳಕು ಮೇಲಿನಿಂದ ನೇರ ಬೀಳುತ್ತಿದೆ. ಹಣೆ, ಮೂಗಿನ ತುದಿ ಬೆಳ್ಳಗೆ ಹೊಳೆಯುತ್ತಿವೆ. ಹುಬ್ಬಿನ ಕೆಳಗೆ ಎರಡು ಕಪ್ಪು ಗುಳಿ. ಮೂಗಿನ ನೆರಳು ತುಟಿ ಮೇಲೆ ಮೀಸೆ ಹಾಗೆ ಕೂತಿದೆ. ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ನೋಡಿ ಅವಳು ಹೇಳಿದ್ದು ಇಷ್ಟೇ: "ಅಣ್ಣ, ಮೂರು ದಿನ ಜ್ವರ ಬಂದು ಎದ್ದೋಳ ತರ ಇದ್ದೀನಲ್ಲೋ."

ರಾತ್ರಿ ತನಕ ಯಾಕೆ ಗೊತ್ತಾಗಲಿಲ್ಲ ಅಂದರೆ, ಆ ಬಿಸಿಲಲ್ಲಿ ಕ್ಯಾಮೆರಾ ಸ್ಕ್ರೀನೇ ಸರಿಯಾಗಿ ಕಾಣುತ್ತಿರಲಿಲ್ಲ. ಎಲ್ಲ ಸೂಪರ್ ಅಂದುಕೊಂಡು ಒತ್ತುತ್ತಲೇ ಇದ್ದೆ.

ಇನ್ನೊಂದು ಎಡವಟ್ಟು. ನನ್ನ ಹತ್ತಿರ ಇರುವುದು ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ, 50 ಎಂಎಂ ಎಫ್ 1.8 ಲೆನ್ಸ್. ಹಿಂದಿನದೆಲ್ಲ ಮಸುಕಾಗಿ ಬರಬೇಕು ಅನ್ನುವ ಆಸೆಗೆ ಅಪರ್ಚರ್, ಅಂದರೆ ಲೆನ್ಸ್ ಒಳಗೆ ಬೆಳಕು ಬರುವ ಕಿಂಡಿಯನ್ನು, ಎಫ್ 2ಕ್ಕೆ ಇಟ್ಟೆ. ಎಫ್ ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಫೋಟೋಗಳು ಬೆಳ್ಳಗೆ ಸುಟ್ಟುಹೋದವು. ಇದಕ್ಕೊಂದು ಹಳೇ ಲೆಕ್ಕ ಇದೆ, ಸನ್ನಿ ಸಿಕ್ಸ್‌ಟೀನ್ ಅಂತ. ಮೋಡವಿಲ್ಲದ ಬಿಸಿಲಲ್ಲಿ ಅಪರ್ಚರ್ ಎಫ್ 16 ಇದ್ದರೆ, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನುವ ಸಂಖ್ಯೆ) 100ಕ್ಕೆ ಶಟರ್ ತೆರೆದಿರಬೇಕಾದ ಹೊತ್ತು ಸುಮಾರು 1/125 ಸೆಕೆಂಡ್. ಈಗ 16ರಿಂದ 11, 8, 5.6, 4, 2.8, ಆಮೇಲೆ 2. ಆರು ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ಬೆಳಕು ಎರಡು ಪಟ್ಟಾಗುತ್ತದೆ, ಶಟರ್ ವೇಗವನ್ನೂ ಎರಡು ಪಟ್ಟು ಮಾಡಬೇಕು. ಆರು ಸಲ ಮಾಡಿದರೆ 1/8000ಕ್ಕೆ ಹೋಗಿ ನಿಲ್ಲುತ್ತದೆ. ನನ್ನ ಕ್ಯಾಮೆರಾ 1/4000ಕ್ಕೇ ಕೈ ಎತ್ತುತ್ತದೆ. ಶುರುವಿನವರ ಬಹಳಷ್ಟು ಕ್ಯಾಮೆರಾಗಳ ಕಥೆ ಇದೇ. ಎಫ್ 2.8ಕ್ಕೆ ಇಟ್ಟಿದ್ದರೆ ಬೆಳಕಿನ ಲೆಕ್ಕವಾದರೂ ಸರಿಹೋಗುತ್ತಿತ್ತು.

ಆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಚರ್ಚ್ ಗೋಡೆಯ ಉತ್ತರದ ಬದಿಗೆ ಒಂದು ಮಾರು ಅಗಲ ನೆರಳಿತ್ತು. ಮುಖಕ್ಕೆ ಬೇಕಾದ ಮೆತ್ತನೆ ಬೆಳಕು ಇದ್ದಿದ್ದು ಅಲ್ಲೇ. ನಾವು ಅಲ್ಲಿ ಕೂತು ಚಿತ್ರಾನ್ನ ತಿಂದೆವು, ಕೈ ತೊಳೆದುಕೊಂಡು ಮತ್ತೆ ಬಿಸಿಲಿಗೆ ಹೋದೆವು. ಯಾಕೆಂದರೆ ನಾನು ಜಾಗ ನೋಡುತ್ತಿದ್ದೆ. ಕಮಾನು ಬರಬೇಕು, ಗೋಡೆ ಪೂರ್ತಿ ಬರಬೇಕು ಅಂತ ಹಿಂದೆ ಹಿಂದೆ ಸರಿದೆ. ಫ್ರೇಮಿನಲ್ಲಿ ಅವಳ ಮುಖ ಕಡಲೆಕಾಳಿನಷ್ಟಾಯಿತು.

(ಬೇಲೂರು, ಹಳೇಬೀಡಿಗೆ ಹೋಗೋಣ ಅಂತ ಇರುವವರಿಗೆ ಒಂದು ಮಾತು. ಅವು ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿವೆ. ಟ್ರೈಪಾಡ್ ಇಟ್ಟು ಶೂಟ್ ಮಾಡಬೇಕಾದರೆ ಮೊದಲೇ ಅನುಮತಿ ತೆಗೆದುಕೊಳ್ಳಿ.)

ಎರಡನೇ ಸಲ ಸಕಲೇಶಪುರದ ಕಡೆ, ಚಿಕ್ಕಪ್ಪನ ಕಾಫಿ ತೋಟ. ಹೂಮಳೆ, ಅಂದರೆ ಕಾಫಿ ಹೂವು ಅರಳಿಸುವ ಮಳೆ, ಬಿದ್ದು ಒಂದು ವಾರ ದಾಟಿತ್ತು. ಗಿಡದ ತುಂಬ ಬಿಳಿ ಹೂವು, ಮಲ್ಲಿಗೆಯಂಥ ಘಮ. ಈ ಸಲ ಜಾಣನಾಗಿದ್ದೆ, ತಂಗಿಯನ್ನು ನೆರಳಿನಲ್ಲೇ ನಿಲ್ಲಿಸಿದೆ. ಅದೂ ಕೆಟ್ಟಿತು! ಸಿಲ್ವರ್ ಓಕ್ ಎಲೆಗಳ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬಂದು ಮುಖದ ಮೇಲೆ ಕೂತಿತು. ಮಿಕ್ಕ ಭಾಗಕ್ಕೆ ಬಿದ್ದ ಬೆಳಕು ಎಲೆಗಳ ಮೂಲಕ ಸೋಸಿಕೊಂಡು, ಎಲೆಗಳಿಗೆ ತಾಗಿಕೊಂಡು ಬಂದದ್ದು. ಕೆನ್ನೆ ಹಸಿರು. ಬಿಳಿ ಚೂಡಿದಾರ್ ಇನ್ನೂ ಹಸಿರು. ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್) ಇದ್ದರೆ ಎಡಿಟ್ ಮಾಡುವಾಗ ಬಣ್ಣದ ಛಾಯೆಯನ್ನು, ಅಂದರೆ ಟಿಂಟ್, ಹಸಿರಿಗೆ ಎದುರಾದ ಮಜೆಂಟಾ ಕಡೆ ಸ್ವಲ್ಪ ಎಳೆಯಬಹುದು. ಆದರೆ ಕೆನ್ನೆ ಸರಿಹೋಗುವಷ್ಟರಲ್ಲಿ ಹಿಂದಿನ ಹೂವು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ತೋಟದೊಳಗೆ ತೆಗೆಯಲೇಬೇಕು ಅಂದರೆ ಮೇಲೆ ಆಕಾಶ ತೆರೆದಿರುವ ಜೀಪ್ ದಾರಿಗೆ ಬನ್ನಿ. ಹೂವಿನ ಹೊತ್ತಿನಲ್ಲಿ ಜೇನು ಜಾಸ್ತಿ, ಅದನ್ನೂ ನೋಡಿಕೊಳ್ಳಿ. ನಮ್ಮ ಮಾಡೆಲ್ ಎರಡು ಸಲ ಓಡಿದಳು.

ಓಡಿದವಳು ಹೋಗಿ ನಿಂತಿದ್ದು ಮನೆ ಜಗಲಿಯಲ್ಲಿ.

[ಪರದೆಯ ಮೇಲೆ: ಹೆಂಚಿನ ಮನೆ, ಜಗಲಿ, ಮುಂದೆ ಖಾಲಿ ಸಿಮೆಂಟ್ ಕಣ]

ನೀರು ಕೇಳೋಕೆ ಅಂತ ಒಳಕ್ಕೆ ತಿರುಗಿದಳು. ಅವಳನ್ನು ಕರೆದೆ. ಈ ಕಡೆ ನೋಡಿದಳು. ಅಷ್ಟೇ! ಮುಖ ಒಳಗಿನಿಂದ ದೀಪ ಹಚ್ಚಿದ ಹಾಗಿತ್ತು. ಗಡಿಯಾರ ನೋಡಿದರೆ ಅದೇ ಹನ್ನೆರಡೂವರೆ. ಶೆಟ್ಟಿಹಳ್ಳಿಯಲ್ಲಿ ಮುಖ ಕೆಡಿಸಿದ್ದ ಅದೇ ಸೂರ್ಯ.

ಇಲ್ಲಿ ಆಗಿದ್ದೇನು ನೋಡಿ. ಮಾಡಿನ ಹೆಂಚು ಮೇಲಿನ ಬಿಸಿಲನ್ನು ತಡೆಯಿತು. ಮುಂದಿರುವುದು ಕಾಫಿ ಒಣಗಿಸುವ ಕಣ. ಕೊಯ್ಲು ಮುಗಿದು ಖಾಲಿಯಾಗಿತ್ತು. ಬಿಸಿಲು ಆ ಬೂದುಬಣ್ಣದ ಸಿಮೆಂಟಿಗೆ ಬಡಿದು ವಾಪಸ್ ಜಗಲಿಗೆ ಬರುತ್ತಿತ್ತು. ದುಡ್ಡು ಕೊಟ್ಟು ತರುವ ರಿಫ್ಲೆಕ್ಟರ್ ಮಾಡುವ ಕೆಲಸವೇ ಇದು. ಆದರೆ ಮನೆ ಅಗಲದ್ದು. ಕಣದ ತುಂಬ ಕಾಫಿ ಹರಡಿದ್ದರೆ ಇಷ್ಟು ಬೆಳಕು ವಾಪಸ್ ಬರುತ್ತಿರಲಿಲ್ಲ, ಕಪ್ಪಗಿನ ಹಣ್ಣು ಬೆಳಕನ್ನು ನುಂಗುತ್ತದೆ.

ಕಣ್ಣನ್ನು ಝೂಮ್ ಮಾಡಿ ತೋರಿಸುತ್ತೇನೆ. ಕೆಳಗೆ ಕಣದ ಬಿಳಿ ಪಟ್ಟಿ, ಮೇಲೆ ಆಕಾಶ, ನಡುವೆ ಇರುವೆ ಗಾತ್ರದ ಕಪ್ಪು ಚುಕ್ಕೆ. ಅದು ನಾನು. ಕಣ್ಣಿನಲ್ಲಿ ಹೀಗೆ ಬೆಳಕು ಕಂಡರೆ ಮುಖಕ್ಕೆ ಜೀವ ಬಂತು ಅಂತಲೇ ಅರ್ಥ.

ನಿಲ್ಲಿಸಬೇಕಾದ್ದು ಜಗಲಿಯ ಅಂಚಿಗೆ, ಮಾಡಿನ ನೆರಳು ಮುಗಿಯುವುದಕ್ಕೆ ಸ್ವಲ್ಪ ಒಳಗೆ. ತುಂಬ ಒಳಗೆ ಹೋದರೆ ಆಕಾಶದ ಬೆಳಕು ತಪ್ಪಿ, ಕೆಳಗಿನ ಬೆಳಕು ಮಾತ್ರ ಉಳಿಯುತ್ತದೆ. ಚಿಕ್ಕವರಿದ್ದಾಗ ಗಲ್ಲದ ಕೆಳಗೆ ಟಾರ್ಚ್ ಹಿಡಿದು ಹೆದರಿಸುತ್ತಿದ್ದೆವಲ್ಲ, ಹಾಗೆ ಕಾಣುತ್ತದೆ. ಇನ್ನೊಂದು, ಅವಳ ಹಿಂದೆ ಬಾಗಿಲು ತೆರೆದಿತ್ತು, ಒಳಗೆ ಕತ್ತಲು. ಕತ್ತಲು ಜಾಸ್ತಿ ಕಂಡರೆ ಆಟೋದಲ್ಲಿರುವ ಕ್ಯಾಮೆರಾ ಮೋಸ ಹೋಗಿ ಮುಖವನ್ನು ಬೆಳ್ಳಗೆ ಮಾಡಿಬಿಡುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಫೋಟೋದ ಬೆಳಕನ್ನು ಹೆಚ್ಚುಕಮ್ಮಿ ಮಾಡುವ ಸೆಟ್ಟಿಂಗ್) ಸ್ವಲ್ಪ ಮೈನಸ್ ಮಾಡಿ. ನನಗೆ ಸರಿಹೋಗಿದ್ದು ಐಎಸ್‌ಒ 100, ಎಫ್ 2.8, 1/500.

ಎಫ್ 1.8 ಯಾಕೆ ಬಿಟ್ಟೆ? ನನ್ನಂಥ ಕ್ಯಾಮೆರಾದಲ್ಲಿ, ಒಂದೂವರೆ ಮೀಟರ್ ದೂರದಿಂದ, ಎಫ್ 1.8ಕ್ಕೆ ಸ್ಪಷ್ಟವಾಗಿ ಬರುವ ಭಾಗ ಹೆಚ್ಚುಕಮ್ಮಿ 6 ಸೆಂಟಿಮೀಟರ್. ಅವಳು ನಕ್ಕು ಹಿಂದೆ ವಾಲಿದರೆ ಮುಗೀತು, ಮೂಗಿನ ತುದಿ ಶಾರ್ಪ್, ಕಣ್ಣು ಮಸುಕು. ಫೋಕಸ್ ಚುಕ್ಕೆಯನ್ನು ನಿಮಗೆ ಹತ್ತಿರ ಇರುವ ಕಣ್ಣಿನ ಮೇಲೆ ಇಡಿ.

ಕ್ಯಾಮೆರಾ ಜೊತೆಗೇ ಬರುವ 18-55 ಎಂಎಂ ಕಿಟ್ ಲೆನ್ಸ್ ಇರುವವರು ಬೇಜಾರಾಗಬೇಡಿ. 18ರಲ್ಲಿ ಹತ್ತಿರ ಹೋಗಿ ತೆಗೆಯಬೇಡಿ, ಮೂಗು ದಪ್ಪ ಆಗುತ್ತದೆ. 55ಕ್ಕೆ ಎಳೆದು, ಎರಡು ಹೆಜ್ಜೆ ಹಿಂದೆ ಬನ್ನಿ. ಸಾಕು.

ಬೆಳಕು ಸಿಕ್ಕಿತು, ಆದರೂ ಅವಳು ಕಂಬದ ಹಾಗೆ ನಿಂತಿದ್ದಳು. ತಪ್ಪು ನನ್ನದೇ. ನಾಲ್ಕು ಫೋಟೋ ತೆಗೆಯುವುದು, ಸ್ಕ್ರೀನ್ ನೋಡುವುದು, ಹುಬ್ಬು ಗಂಟು ಹಾಕುವುದು. ನನ್ನ ತಲೆಯಲ್ಲಿ ಶಟರ್ ಲೆಕ್ಕ ಓಡುತ್ತಿತ್ತು. ಅವಳಿಗೆ ಅನ್ನಿಸಿದ್ದು, "ನಾನು ಚೆನ್ನಾಗಿ ಬರ್ತಿಲ್ಲ ಅಂತ ಕಾಣುತ್ತೆ." ಕೇಳಿ ಪಾಪ ಅನ್ನಿಸಿತು. ಆಮೇಲೆ ಬಾಯಿ ಬಿಟ್ಟು ಮಾತಾಡಿದೆ. ಚೆನ್ನಾಗಿ ಬಂದಿದ್ದನ್ನು ತೋರಿಸಿದೆ. "ನಗು ನಗು" ಅನ್ನುವುದನ್ನು ಬಿಟ್ಟೆ. ಚಿಕ್ಕಮ್ಮ ಮೊರದಲ್ಲಿ ಹೂವು ತಂದುಕೊಟ್ಟು ಕಟ್ಟು ಅಂದರು. ಕೈಗೆ ಕೆಲಸ ಸಿಕ್ಕಿತು, ಭುಜ ಸಡಿಲವಾಯಿತು. ಬಾಳೆನಾರು ಹಲ್ಲಲ್ಲಿ ಕಚ್ಚಿಕೊಂಡು ತಲೆ ಎತ್ತಿದಾಗ ಒಂದು ಫೋಟೋ ಬಂತು. ಈ ತನಕ ನಾನು ತೆಗೆದಿದ್ದರಲ್ಲಿ ಅದೇ ಚೆನ್ನಾಗಿರುವುದು.

ಸಂಜೆ ಎಲ್ಲ ಫೋಟೋ ಅವಳ ಮುಂದೆ ಇಟ್ಟೆ. ಇದನ್ನು ತಪ್ಪದೇ ಮಾಡಿ, ಮನೆಯವರೇ ಆಗಿರಲಿ, ಹೊರಗಿನವರಾಗಿರಲಿ. ಯಾವುದನ್ನು ಹಾಕಬಹುದು, ಯಾವುದು ಬೇಡ ಅಂತ ಅವರೇ ಹೇಳಬೇಕು. ಅವಳು ಆರು ಫೋಟೋಗೆ ಒಪ್ಪಿದಳು, ನೀವು ನೋಡಿದ್ದು ಅವನ್ನೇ. ಬಾಳೆನಾರು ಕಚ್ಚಿಕೊಂಡಿದ್ದನ್ನು ನೋಡಿ, "ಅಯ್ಯೋ, ಇದು ಬೇಡ ಅಣ್ಣ" ಅಂದಳು. ಹಾಗಾಗಿ ಅದು ಈ ವಿಡಿಯೋದಲ್ಲಿ ಇಲ್ಲ.