ಉಪಕಾರ ಬರೆದಿಡುವುದು ಹೇಗೆ

ಹಿರಿಯರೆ, ತಾಯಂದಿರೆ, ಹಿಂದೆ ನಿಂತೇ ಕೇಳುತ್ತಿರುವ ಹುಡುಗರೆ,

ನಮ್ಮ ಧಾರವಾಡದ ಮನೆಗಳಲ್ಲಿ ಅವ್ವ ಬಿಸಿ ರೊಟ್ಟಿ ತಾಟಿಗೆ ಹಾಕಿದರೆ ಮಗ 'ಧನ್ಯವಾದ' ಅನ್ನುವುದಿಲ್ಲ. ಅಂದುಬಿಟ್ಟರೆ ಅವ್ವ ಗಾಬರಿಯಾಗಿ, 'ಯಾಕೋ, ಮೈಯಾಗ ಆರಾಮ ಐತಿಲ್ಲೋ?' ಎಂದು ಹಣೆ ಮುಟ್ಟಿ ನೋಡುತ್ತಾಳೆ. ಆ ಶಬ್ದ ನಮ್ಮಲ್ಲಿ ಸಭೆಗೆ ಸೇರಿದ್ದು. ಓಣಿಯಲ್ಲಿ, ಸಂತೆಯಲ್ಲಿ ಬೇರೆ ಮಾತುಗಳಿವೆ: 'ಭಾಳ ಉಪಕಾರ ಆತ್ರಿ', 'ಹೊತ್ತಿಗೆ ದೇವರು ಬಂದಾಂಗ ಬಂದ್ರಿ'. ಬಂದವರು ಯಾರು, ಯಾವ ಹೊತ್ತಿಗೆ ಎಂಬುದು ಆ ಮಾತಿನೊಳಗೇ ಇದೆ. ಇವತ್ತು ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಇದೇ. ಉಪಕಾರ ನೆನೆಯುವುದರಿಂದ ಮನಸ್ಸಿಗೂ ಮೈಗೂ ಹಿತವಾಗಬೇಕಾದರೆ ವಿವರ ಬೇಕು. 'ಎಲ್ಲರಿಗೂ, ಎಲ್ಲದಕ್ಕೂ ಕೃತಜ್ಞ' ಎಂದರೆ ಅದು ವಂದನಾರ್ಪಣೆ. ವಂದನಾರ್ಪಣೆಯ ಹೊತ್ತಿಗೆ ಅರ್ಧ ಜನ ಚಹಾದ ಕಡೆ ಹೋಗಿರುತ್ತಾರೆ.

ಮೊದಲು ಗೊತ್ತಿರುವುದೇನು ಎಂದು ನೋಡೋಣ. ರಾಬರ್ಟ್ ಎಮ್ಮನ್ಸ್ ಮತ್ತು ಮೈಕಲ್ ಮೆಕಲೊ ಎಂಬ ಅಮೆರಿಕದ ಮನೋವಿಜ್ಞಾನಿಗಳು 2003ರಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಂದ 10 ವಾರ, ವಾರಕ್ಕೊಮ್ಮೆ ಬರೆಸಿದರು. ಒಂದು ಗುಂಪು ಉಪಕಾರವೆನಿಸಿದ ಸಂಗತಿಗಳನ್ನು ಬರೆಯಬೇಕು, ಹೆಚ್ಚೆಂದರೆ ಐದು. ಇನ್ನೊಂದು ಗುಂಪು ಕಿರಿಕಿರಿಗಳನ್ನು, ಮತ್ತೊಂದು ವಾರದಲ್ಲಿ ನಡೆದದ್ದನ್ನು ಸುಮ್ಮನೆ. ಉಪಕಾರ ಬರೆದವರು ಮೈಯ ತಕರಾರು ಕಡಿಮೆ ಹೇಳಿದರು. ಕಿರಿಕಿರಿ ಬರೆದವರಿಗಿಂತ ವಾರಕ್ಕೆ ಹತ್ತಿರಹತ್ತಿರ ಒಂದೂವರೆ ತಾಸು ಹೆಚ್ಚು ವ್ಯಾಯಾಮ ಮಾಡಿದ್ದಾಗಿ ತಿಳಿಸಿದರು. ನರ ಮತ್ತು ಸ್ನಾಯುವಿನ ಕಾಯಿಲೆ ಇರುವವರಿಂದ 21 ದಿನ ದಿನಾ ಬರೆಸಿದಾಗ ಅವರ ನಿದ್ದೆ ಸುಧಾರಿಸಿತು. ಆದರೆ ವಿದ್ಯಾರ್ಥಿಗಳಿಂದಲೇ ಸುಮಾರು ಎರಡು ವಾರ ದಿನಾ ಬರೆಸಿದ ಇನ್ನೊಂದು ಪ್ರಯೋಗದಲ್ಲಿ ಮನಸ್ಸು ಹಗುರಾಯಿತೇ ಹೊರತು ಮೈಯ ತಕರಾರಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ವಾಟ್ಸಾಪಿಗೆ ಮೊದಲ ಎರಡು ಪ್ರಯೋಗಗಳೇ ಬರುತ್ತವೆ.

2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಅಮೆರಿಕದ 49,275 ಹಿರಿಯ ವಯಸ್ಸಿನ ನರ್ಸ್‌ಗಳದು. ಪ್ರಶ್ನಾವಳಿಯಲ್ಲಿ ಕೃತಜ್ಞತೆಯ ಅಂಕ ಹೆಚ್ಚಿದ್ದವರಲ್ಲಿ ಮುಂದಿನ ಕೆಲವು ವರ್ಷಗಳಲ್ಲಿ ಸಾವಿನ ಸಂಭವ ಶೇ. 9ರಷ್ಟು ಕಡಿಮೆ ಕಂಡಿತು. ಇವೆರಡಕ್ಕೂ ನಂಟಿದೆ ಎನ್ನುವವರೆಗೆ ಸರಿ, ಒಂದರಿಂದಲೇ ಇನ್ನೊಂದು ಆಯಿತು ಎನ್ನಲಾಗದು. ಹಾಗಾಗಿ ಬಿಪಿ ಗುಳಿಗೆ ಬಿಟ್ಟು ನೋಟ್‌ಬುಕ್ ಹಿಡಿಯುವ ಪ್ರಶ್ನೆಯೇ ಇಲ್ಲ.

ಇದು ಮೈಗೆ ಹೇಗೆ ಮುಟ್ಟುತ್ತದೆ? ಹೆಚ್ಚು ಸ್ಪಷ್ಟವಾಗಿರುವ ದಾರಿ ನಿದ್ದೆಯದು. ದೀಪ ಆರಿಸಿದ ಮೇಲೆ ಹಾಸಿಗೆಯಲ್ಲಿ ಬರುವ ಯೋಚನೆಗಳು ಸಾಲದ ಕಂತು, ಅಳಿಯನ ಮಾತು ಎಂದು ಸುತ್ತತೊಡಗಿದರೆ ನಿದ್ದೆ ದೂರ ಸರಿಯುತ್ತದೆ. ಕೃತಜ್ಞತೆ ಹೆಚ್ಚಿರುವವರಲ್ಲಿ ಆ ಹೊತ್ತಿನ ಯೋಚನೆಗಳೇ ಬೇರೆ ಇರುತ್ತವೆ, ನಿದ್ದೆ ಚೆನ್ನಾಗಿರುವುದಕ್ಕೂ ಅದಕ್ಕೂ ಸಂಬಂಧವಿದೆ ಎಂದು 2009ರ ಒಂದು ಅಧ್ಯಯನ ತೋರಿಸಿತು. ನಿದ್ದೆ ಸರಿಹೋದರೆ ಬೆಳಿಗ್ಗೆ ಅಡ್ಡಾಡಲು ಮನಸ್ಸು ಬರುತ್ತದೆ, ಸಿಡಿಮಿಡಿ ಕಡಿಮೆಯಾಗುತ್ತದೆ.

ಇನ್ನು ಮಾಡುವ ಬಗೆ. ನೂರು ಪುಟದ ಒಂದು ನೋಟ್‌ಬುಕ್ಕು, ಒಂದು ಪೆನ್ನು. ಮೊಬೈಲಿನಲ್ಲಿ ಬೇಡ, ಬರೆಯಲು ತೆಗೆದವರು ರೀಲ್ಸಿಗೆ ಹೋಗಿ ತಲುಪುತ್ತಾರೆ. ಮಲಗುವುದಕ್ಕೆ ಅರ್ಧ ತಾಸು ಮುಂಚೆ ಹತ್ತು ನಿಮಿಷ ಕೂಡ್ರಿ. ಮೂರು ಸಂಗತಿ ಸಾಕು, ಒಂದೊಂದಕ್ಕೆ ಎರಡು-ಮೂರು ವಾಕ್ಯ. ಬಹಳ ಮಂದಿ ಮೊದಲ ದಿನ ಹೀಗೆ ಬರೆಯುತ್ತಾರೆ: 'ಒಳ್ಳೆಯ ಆರೋಗ್ಯ, ಒಳ್ಳೆಯ ಮಕ್ಕಳು, ದೇವರ ದಯೆ.' ನಾಲ್ಕನೆಯ ದಿನವೂ ಇದೇ ಬರುತ್ತದೆ, ಎಂಟನೆಯ ದಿನ ನೋಟ್‌ಬುಕ್ಕು ಕಪಾಟಿನ ಮೇಲೆ ಹೋಗುತ್ತದೆ. ಅದರ ಬದಲು ಇದನ್ನು ನೋಡಿ:

'ಬುಧವಾರ ನಸುಕಿನ್ಯಾಗ ನಳಾ ಬಂತು. ನಾನು ದವಾಖಾನಿಯೊಳಗಿದ್ದೆ. ಎದುರಮನಿ ಅಕ್ಕಾರು ತಮ್ಮ ನೀರು ತುಂಬೋದು ಅರ್ಧಕ್ಕ ಬಿಟ್ಟು ಬಂದು ನಮ್ಮ ಎರಡೂ ಬ್ಯಾರಲ್ ತುಂಬಿಸಿದ್ರು. ಅವರ ಮನ್ಯಾಗೂ ಆರು ಮಂದಿ ಅದಾರ.'

ಹುಬ್ಬಳ್ಳಿ-ಧಾರವಾಡದಲ್ಲಿ ಎಷ್ಟೋ ದಿನಕ್ಕೊಮ್ಮೆ ನಳದ ದಾರಿ ಕಾದವರಿಗೆ ಆ ಎರಡು ಬ್ಯಾರಲ್ಲಿನ ಬೆಲೆ ಬಿಡಿಸಿ ಹೇಳಬೇಕಿಲ್ಲ. ಈ ನಾಲ್ಕು ಸಾಲಿನಲ್ಲಿ ಹೊತ್ತಿದೆ, ವ್ಯಕ್ತಿ ಇದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ ಅವರು ಬಿಟ್ಟುಕೊಟ್ಟದ್ದು ಇದೆ. 'ಅರ್ಧಕ್ಕ ಬಿಟ್ಟು', 'ಆರು ಮಂದಿ' ಎಂಬ ಎರಡು ಮಾತು ತೆಗೆದುಬಿಡಿ, ಉಳಿಯುವುದು ಬರೀ ನೀರು ತುಂಬಿದ ವರದಿ. ಬರೆಯುವಾಗ 'ಇದು ಯಾಕೆ ಆಯಿತು?' ಎಂದು ಒಂದು ಸಲ ಕೇಳಿಕೊಳ್ಳಿ. ಮನೋವಿಜ್ಞಾನಿ ಮಾರ್ಟಿನ್ ಸೆಲಿಗ್ಮನ್ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ರಾತ್ರಿಗೆ ಮೂರು ಒಳ್ಳೆಯ ಸಂಗತಿ, ಪ್ರತಿಯೊಂದಕ್ಕೂ ಕಾರಣ, ಹೀಗೆ ಒಂದೇ ವಾರ ಬರೆಸಿದ್ದರು. ಆರು ತಿಂಗಳಾದ ಮೇಲೂ ಪರಿಣಾಮ ಕಂಡಿತು, ಅದರಲ್ಲೂ ತಾವಾಗಿ ಮುಂದುವರಿಸಿದವರಲ್ಲಿ.

ದಿನಾ ಬರೆಯಬೇಕೋ, ವಾರಕ್ಕೊಮ್ಮೆಯೋ? ಮನೋವಿಜ್ಞಾನಿ ಸೋನ್ಯಾ ಲ್ಯುಬೊಮಿರ್ಸ್ಕಿ ಅವರ ತಂಡ ಆರು ವಾರ ನೋಡಿದಾಗ ವಾರಕ್ಕೊಮ್ಮೆ ಬರೆದವರಿಗೆ ಲಾಭವಾಯಿತು, ಮೂರು ಸಲ ಬರೆದವರಿಗೆ ಆಗಲಿಲ್ಲ. ದಿನಾ ಅದೇ ಆದರೆ ಹೋಳಿಗೆಯೂ ಸಪ್ಪೆ. ನನ್ನ ಸಲಹೆ ಎರಡರ ನಡುವಿನದು: ಕೈ ಹದಕ್ಕೆ ಬರಲಿ ಎಂದು ಮೊದಲ ವಾರ ದಿನಾ ಬರೆಯಿರಿ, ಆಮೇಲೆ ಭಾನುವಾರ ರಾತ್ರಿ ಮಾತ್ರ. ಒಂದೇ ಸಲಕ್ಕೆ ಹತ್ತು ಸಂಗತಿ ಬೇಕೆಂದು ಹಟ ಹಿಡಿಯಬೇಡಿ. ಆರನೆಯದಕ್ಕೆ ತಡಕಾಡುವಾಗ ಮನಸ್ಸು 'ಅಂಥಾದ್ದೇನೂ ಇಲ್ಲ ಬಿಡು' ಎಂದು ತೀರ್ಪು ಕೊಟ್ಟುಬಿಡುತ್ತದೆ.

ನಮ್ಮ ಒಕ್ಕಲುತನದಲ್ಲಿ ಇದಕ್ಕೆ ಕಟ್ಟಿಟ್ಟ ದಿನಗಳೇ ಇವೆ. ಶೀಗಿ ಹುಣ್ಣಿವಿಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ, ಅಂದರೆ ಭೂತಾಯಿಗೆಂದು ಅಡುಗೆಯನ್ನು ಹೊಲದಲ್ಲಿ ಎರಚುತ್ತೇವೆ. ಬೆಳೆ ಆಗ ಇನ್ನೂ ಹೊಲದಲ್ಲೇ ನಿಂತಿರುತ್ತದೆ, ರಾಶಿ ಎಷ್ಟಾದೀತು ಯಾರಿಗೂ ಗೊತ್ತಿರುವುದಿಲ್ಲ. ಫಲ ಕೈಗೆ ಬರುವ ಮುಂಚೆಯೇ ಉಪಕಾರ ನೆನೆಯುವ ಪದ್ಧತಿ ಅದು. ಗದಗ, ಹಾವೇರಿ ಕಡೆಯಿಂದ ಬಂದವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಎಡವುವುದು ಎಲ್ಲಿ? ಒಂದು, ಮುಯ್ಯಿಯಲ್ಲಿ. ಮದುವೆಯಲ್ಲಿ ಯಾರು ಎಷ್ಟು ಓದಿಸಿದರು ಎಂದು ಬರೆಯುವ ವಹಿ ಪ್ರತಿ ಮನೆಯಲ್ಲೂ ಇರುತ್ತದೆ. ಅದು ತಿರುಗಿ ಕೊಡಬೇಕಾದ್ದರ ಲೆಕ್ಕ. ಉಪಕಾರದ ನೋಟ್‌ಬುಕ್ಕನ್ನೂ ಹಾಗೇ ಬರೆದರೆ ಎದೆ ಭಾರವಾಗುತ್ತದೆ. ಕೊಟ್ಟವರು ತಿರುಗಿ ಬಯಸುತ್ತಾರೆ ಎನಿಸಿದಷ್ಟೂ ಋಣದ ಭಾವ ಏರುತ್ತದೆ, ಕೃತಜ್ಞತೆ ಇಳಿಯುತ್ತದೆ. ಇನ್ನೊಂದು, ಕೆಳಗಿನವರನ್ನು ನೋಡಿ ಸಮಾಧಾನ ಪಡುವುದು. 'ಅವರಿಗೆ ಕಾಲೇ ಇಲ್ಲ, ನಮಗದಾವಲ್ಲ' ಎನ್ನುವುದರಲ್ಲಿ ಯಾರ ಉಪಕಾರವೂ ಇಲ್ಲ.

ಮೂರನೆಯದು ಅಪಾಯದ್ದು. 'ಉಂಡ ಮನೆಯ ಜಂತಿ ಎಣಿಸಬಾರದು' ಎನ್ನುತ್ತಾರೆ. ಜಂತಿ ತಲೆಯ ಮೇಲೆ ಬೀಳುವಂತಿದ್ದರೆ ಎಣಿಸಲೇಬೇಕು. ಹೊಡೆಯುವ ಗಂಡನ ಮನೆಯಲ್ಲಿರುವವಳಿಗೆ, ಪಗಾರ ಕೊಡದ ಮಾಲಕನ ಹತ್ತಿರ ದುಡಿಯುವವನಿಗೆ 'ಇದ್ದದ್ದಕ್ಕೆ ಕೃತಜ್ಞನಾಗಿರು' ಎಂದು ಉಪದೇಶಿಸುವುದು ಬಾಯಿ ಮುಚ್ಚಿಸುವ ಉಪಾಯ. ಬ್ಯಾರಲ್ ತುಂಬಿಸಿದ ಅಕ್ಕಾರನ್ನು ನೆನೆಯಿರಿ, ನೀರು ಯಾಕೆ ಹೊತ್ತಿಗೆ ಬರಲಿಲ್ಲ ಎಂಬ ಅರ್ಜಿಯನ್ನೂ ಬರೆಯಿರಿ.

ನೋಟ್‌ಬುಕ್ಕಿನ ಜೊತೆ ಉಪಕಾರ ನೆನೆದು ಪತ್ರ ಬರೆಯುವುದೂ ಇದೆ, ಅದರ ವಿಷಯ ಚುಟುಕಾಗಿ ಹೇಳುತ್ತೇನೆ. ನಿಮಗೆ ದೊಡ್ಡ ಉಪಕಾರ ಮಾಡಿ, ನೀವು ಬಾಯಿಬಿಟ್ಟು ಹೇಳದೆ ಉಳಿದ ಒಬ್ಬರು ಇದ್ದೇ ಇರುತ್ತಾರೆ. ಕಲಿಸಿದ ಮಾಸ್ತರು, ಫೀ ತುಂಬಿದ ಸೋದರಮಾವ, ಯಾರೇ ಇರಲಿ. ಒಂದು ಪುಟ ಬರೆದು, ಅವರ ಮನೆಗೆ ಹೋಗಿ, ಎದುರಿಗೆ ಕೂತು ಓದಿ. 'ಅದೇನ್ ದೊಡ್ಡದು ಬಿಡಪಾ' ಎಂದು ತಡೆಯುತ್ತಾರೆ, ನಿಲ್ಲಿಸಬೇಡಿ. ಮುಜುಗರವಾದೀತು ಎಂದು ಬರೆಯುವವರು ಹೆಚ್ಚಾಗಿ ಅಂದುಕೊಳ್ಳುತ್ತಾರೆ, ಪಡೆದವರಿಗೆ ಅಷ್ಟು ಆಗಿರುವುದಿಲ್ಲ ಎಂದು 2018ರ ಪ್ರಯೋಗಗಳು ತೋರಿಸಿವೆ. ಈ ಭೇಟಿಯಿಂದ ಏರುವ ಸಂತೋಷ ದೊಡ್ಡದು, ಆದರೆ ಕೆಲವೇ ತಿಂಗಳಲ್ಲಿ ಇಳಿಯುತ್ತದೆ. ನೋಟ್‌ಬುಕ್ಕು ಮುಂದುವರಿಯಲಿ.

ಖಿನ್ನತೆ ಇರುವವರಿಗೆ ಒಂದು ಮಾತು. 27 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2021ರ ವಿಶ್ಲೇಷಣೆಯ ಪ್ರಕಾರ ಖಿನ್ನತೆ, ಆತಂಕದ ಮೇಲೆ ಈ ಅಭ್ಯಾಸಗಳ ಪರಿಣಾಮ ಸಣ್ಣದು. ಎರಡು ವಾರದಿಂದ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ-ಊಟ ಕೆಟ್ಟಿದೆ, ಬದುಕು ಸಾಕೆನಿಸುತ್ತಿದೆ ಎಂದಾದರೆ ನೋಟ್‌ಬುಕ್ಕು ಬದಿಗಿಟ್ಟು ವೈದ್ಯರನ್ನು ಕಾಣಿ. ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ನಮ್ಮ ಧಾರವಾಡದಲ್ಲೇ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಈಗ ಮುಂದಿನ ಸಾಲಿನಿಂದ ಹಾಳೆ ಹಂಚುತ್ತಾರೆ. ಕಳೆದ ಏಳು ದಿನದಲ್ಲಿ ನಡೆದ ಒಂದೇ ಸಂಗತಿ ಬರೆಯಿರಿ: ಯಾರು, ಯಾವ ಹೊತ್ತು, ಏನು ಬಿಟ್ಟು ಬಂದರು. ಯಾರೂ ಓದಿ ಹೇಳಬೇಕಿಲ್ಲ. ಹತ್ತು ನಿಮಿಷ ಆದ ಮೇಲೆ ಪ್ರಶ್ನೆ ಕೇಳ್ರಿ.