ದನದ ಮನೆಯ ಮಾಡದಲ್ಲಿ ಸಿಕ್ಕ ಡಬ್ಬಿಗಳು

ರೈತ ಬಾಂಧವರೇ, ಅಕ್ಕ ತಂಗಿಯರೇ, ನಮಸ್ಕಾರ.

ನಮ್ಮದು ಅಣ್ಣಿಗೇರಿ ಕಡೆಯ ಎರಿ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲಿ, ಜೊತೆಗೆ ಒಂದಿಷ್ಟು ಹತ್ತಿ, ಮೆಣಸಿನಗಿಡ. ಹೋದ ಬೇಸಿಗೆಯಲ್ಲಿ ಹಳೆಯ ದನದ ಮನೆ ಕೆಡವಿ ಪತ್ರಾಸು ಹಾಕಿಸಬೇಕೆಂದು ಕೈಹಚ್ಚಿದೆವು. ಗೋಡೆಯ ಮಾಡದೊಳಗೆ, ಬಾರಕೋಲು, ಹಳೆಯ ಕುಡ, ಹಗ್ಗದ ಸುರುಳಿಗಳ ಹಿಂದೆ ಏಳು ಡಬ್ಬಿ, ಪಾಕೀಟು ಸಿಕ್ಕವು. ಎಲ್ಲವೂ ಹೊಲಕ್ಕೆ ಹೊಡೆಯುವ ಎಣ್ಣಿ, ಪುಡಿಗಳೇ.

ಒಂದು ಪಾಕೀಟಿನಲ್ಲಿ ಬಿ.ಎಚ್.ಸಿ. ಪುಡಿ. ಅಪ್ಪ ತಂದದ್ದು. ಸುಣ್ಣದ ಹೆಂಟೆಯಂತೆ ಗಟ್ಟಿಯಾಗಿತ್ತು. ಅದು ನಮ್ಮ ದೇಶದಲ್ಲಿ 1997ರಲ್ಲೇ ನಿಷೇಧವಾಗಿದೆ. ಇನ್ನೊಂದು ಎಂಡೋಸಲ್ಫಾನ್, 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು. ಮೂರನೆಯದು ಫೋರೇಟ್ ಹರಳು, 2020ರ ಕೊನೆಗೆ ನಿಷೇಧವಾದದ್ದು. ಎರಡು ಬಾಟಲಿಗಳ ಚೀಟಿಯನ್ನು ಗೆದ್ದಲು ತಿಂದಿತ್ತು, ಒಳಗೇನಿದೆಯೋ ತಿಳಿಯದು. ಒಂದು ಐದು ಲೀಟರಿನ ಕ್ಯಾನು, ಅರ್ಧ ತುಂಬಿದ್ದು. ಒಂದು ಬಾಟಲಿ ಮಾತ್ರ ಹೋದ ವರ್ಷದ್ದು, ಸೀಲು ಒಡೆದಿರಲಿಲ್ಲ.

ಎಂಡೋಸಲ್ಫಾನ್ ಇದ್ದ ತಗಡಿನ ಡಬ್ಬಿಯ ತಳ ತುಕ್ಕು ತಿಂದಿತ್ತು. ಮಾಡದ ಮಣ್ಣಿನ ಮೇಲೆ ಅಂಗೈಯಗಲ ಕಪ್ಪು ಕಲೆ. ಅದರಿಂದ ಒಂದು ಗೆರೆ ಗೋಡೆಗುಂಟ ಕೆಳಗಿಳಿದಿತ್ತು. ಗೆರೆ ಮುಗಿಯುವಲ್ಲಿ ಗ್ವಾದಲಿ, ನಮ್ಮ ಎತ್ತುಗಳು ಮೇವು ತಿನ್ನುತ್ತಿದ್ದ ಜಾಗ. ನಾನು ಆ ಗೆರೆಯನ್ನೇ ನೋಡುತ್ತ ಬಹಳ ಹೊತ್ತು ನಿಂತೆ.

ನಮ್ಮ ಕಡೆ ಇದಕ್ಕೆ ಎಣ್ಣಿ ಅನ್ನುತ್ತೇವೆ, ಔಷಧ ಅನ್ನುತ್ತೇವೆ. ಈ ಎರಡು ಹೆಸರುಗಳೇ ನಮ್ಮನ್ನು ಮೈಮರೆಸಿವೆ ಎಂದು ನನಗೆ ಅನಿಸುತ್ತದೆ. ಎಣ್ಣಿ ಅಂದರೆ ಅಡುಗೆಮನೆಯ ಮಾತು, ಔಷಧ ಅಂದರೆ ವಾಸಿ ಮಾಡುವಂಥದ್ದು. ಡಬ್ಬಿಯ ಮೇಲಿನ ಗುರುತು ಹಾಗೆ ಹೇಳುವುದಿಲ್ಲ. ಮೂಲೆಯ ಮೇಲೆ ನಿಲ್ಲಿಸಿದ ಚೌಕದಲ್ಲಿ ಕೆಂಪು ಬಣ್ಣವಿದ್ದರೆ ಅತಿ ಘೋರ ವಿಷ, ಹಳದಿ ಇದ್ದರೆ ಹೆಚ್ಚು ವಿಷ, ನೀಲಿ ಮಧ್ಯಮ, ಹಸಿರು ಕಡಿಮೆ. ಹಸಿರು ಇದ್ದರೂ ವಿಷ ವಿಷವೇ.

ಅವಧಿ ಮುಗಿದರೆ ಶಕ್ತಿ ಹೋಗುತ್ತದೆ, ಇನ್ನೇನು ಭಯ ಎನ್ನುವವರಿದ್ದಾರೆ. ಹುಳ ಸಾಯುವುದು ಕಡಿಮೆಯಾದೀತು, ಮನುಷ್ಯನಿಗೆ, ದನಕ್ಕೆ ಆಗುವ ಕೇಡು ಕಡಿಮೆಯಾಗುತ್ತದೆ ಎನ್ನುವಂತಿಲ್ಲ. ಹುಳಕ್ಕೆ ಹೊಡೆಯುವ ಮಲಾಥಿಯಾನ್ ಕಾವಿನಲ್ಲಿ ಬಹಳ ದಿನ ಕುಳಿತರೆ ಅದರೊಳಗೆ ಐಸೊಮಲಾಥಿಯಾನ್ ಎಂಬ, ಇನ್ನೂ ಕೆಟ್ಟ ವಿಷ ಹುಟ್ಟುತ್ತದೆ. ನಮ್ಮ ಬೇಸಿಗೆಯ ಪತ್ರಾಸಿನ ಕೆಳಗೆ ಎಷ್ಟು ಕಾವು ಇರುತ್ತದೆ ಎಂದು ನಾನು ಹೇಳಬೇಕಿಲ್ಲ.

ಡಬ್ಬಿ ಕಂಡ ಕೂಡಲೇ ಮನೆಯಲ್ಲಿ ಮಾತು ಶುರುವಾಯಿತು. ತಮ್ಮ ಅಂದ, "ಅಣ್ಣಾ, ಹಳ್ಳಕ್ಕ ಚೆಲ್ಲಿ ಬಂದ್ಬಿಡ್ತೀನಿ." ನಮ್ಮ ಹಳ್ಳದ ನೀರು ಬೆಣ್ಣಿಹಳ್ಳಕ್ಕೆ, ಬೆಣ್ಣಿಹಳ್ಳ ಮಲಪ್ರಭೆಗೆ. ದಂಡೆಗುಂಟ ಎಷ್ಟು ಊರಿನ ದನ ಕುರಿ ಆ ನೀರು ಕುಡಿಯುತ್ತವೆ! ನಮ್ಮ ಭಾಗದಲ್ಲಿ ಬಹಳ ಕಡೆ ಬೋರಿನ ನೀರು ಸವಳು. ಕುಡಿಯಲು ಊರ ಕೆರೆಯೇ ಗತಿ. ಅಂಥಲ್ಲಿ ಒಂದು ಡಬ್ಬಿಯನ್ನೂ ಹಳ್ಳಕ್ಕೆ, ಕೆರೆಗೆ, ಕೃಷಿ ಹೊಂಡಕ್ಕೆ, ಗಟಾರಕ್ಕೆ ಸುರಿಯಬಾರದು.

ಕೆಲಸಕ್ಕೆ ಬಂದ ಕಾಕಾ ಅಂದರು, "ಹೊಲದಾಗ ಹುಗದ ಬಿಡ್ರಿ, ಯಾರಿಗೆ ಗೊತ್ತಾಗ್ತದ." ಎರಿ ಭೂಮಿ ಬೇಸಿಗೆಯಲ್ಲಿ ಹೇಗೆ ಬಿರುಕು ಬಿಡುತ್ತದೆ ನೋಡಿದ್ದೀರಲ್ಲ, ಮೊಣಕೈತನಕ ಕೈ ಇಳಿಯುತ್ತದೆ. ಹುಗಿದ ಡಬ್ಬಿ ಒಡೆದರೆ ವಿಷ ಆ ಬಿರುಕುಗಳ ದಾರಿ ಹಿಡಿಯುತ್ತದೆ. ಬಿ.ಎಚ್.ಸಿ.ಯಂಥವು ಮಣ್ಣಿನಲ್ಲಿ ವರ್ಷಗಟ್ಟಲೆ ಕರಗದೆ ಕೂರುತ್ತವೆ. ಇನ್ನು ಸುಡುವುದು. ಒಲೆಯ ಬೆಂಕಿ, ಕಸದ ಬೆಂಕಿ ಇದಕ್ಕೆ ಸಾಲದು. ಇಂಥ ವಿಷ ಪೂರ್ತಿ ಒಡೆಯಬೇಕಾದರೆ ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಕಾವು ಬೇಕು, ಅದು ವಿಶೇಷ ಭಟ್ಟಿಗಳಲ್ಲಿ ಮಾತ್ರ ಸಾಧ್ಯ. ನಾವು ಸುಟ್ಟರೆ ವಿಷ ಹೊಗೆಯಾಗಿ ನಮ್ಮ ಪುಪ್ಪುಸಕ್ಕೇ ಬರುತ್ತದೆ.

ಹಾಗಾದರೆ ನಾವು ಮಾಡಿದ್ದೇನು? ಮಕ್ಕಳನ್ನು, ದನಗಳನ್ನು ದೂರ ಕಳಿಸಿದೆವು. ರಬ್ಬರ್ ಕೈಗವಸು, ಪೂರ್ತಿ ತೋಳಿನ ಅಂಗಿ, ಮೂಗಿಗೆ ಬಟ್ಟೆ. ಕೆಲಸ ಮುಗಿಯುವತನಕ ಎಲಿ ಅಡಿಕಿ, ತಂಬಾಕು ಬಾಯಿಗೆ ಇಲ್ಲ. ಒಂದು ಡಬ್ಬಿಯ ಮುಚ್ಚಳವನ್ನೂ ತೆಗೆಯಲಿಲ್ಲ, ಒಂದರದ್ದನ್ನು ಇನ್ನೊಂದಕ್ಕೆ ಸುರಿಯಲಿಲ್ಲ, ಯಾಕೆಂದರೆ ಎರಡು ವಿಷ ಕೂಡಿದರೆ ಏನಾಗುತ್ತದೋ ಹೇಳಲು ಬಾರದು. ಸೋರುವ ಡಬ್ಬಿಯನ್ನು ಇದ್ದಂತೆಯೇ ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನೊಳಗಿಟ್ಟು ಸುತ್ತಲೂ ಒಣ ಉಸುಕು ತುಂಬಿದೆವು. ಉಳಿದವನ್ನು ನೆಟ್ಟಗೆ ನಿಲ್ಲಿಸಿದೆವು. ಕಲೆಯಾದ ಮಣ್ಣನ್ನು ಕೆರೆದು ಬೇರೆ ಚೀಲಕ್ಕೆ ತುಂಬಿ, ಅದನ್ನೂ ಡ್ರಮ್ಮಿಗೆ ಹಾಕಿದೆವು. ಮೇಲೆ ದಪ್ಪ ಅಕ್ಷರದಲ್ಲಿ ವಿಷ ಎಂದು ಬರೆದು, ಒಳಗಿನ ಡಬ್ಬಿಗಳ ಪಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಅಂಟಿಸಿ, ಕೀಲಿ ಹಾಕಿದೆವು.

ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಹಳೆಯದು ಸಿಕ್ಕರೆ ಮಾತು ಬೇರೆ. ಅದಕ್ಕೆ ನೀರು, ತೇವ ತಾಗಿದರೆ ಫಾಸ್ಫಿನ್ ಎಂಬ ಪ್ರಾಣ ತೆಗೆಯುವ ಗಾಳಿ ಬಿಡುತ್ತದೆ. ಮುಟ್ಟದೆ, ಒಣಗಿದ ಜಾಗದಲ್ಲೇ ಬಿಟ್ಟು, ಮೊದಲು ತಿಳಿದವರನ್ನು ಕರೆಯಿರಿ.

ಸೀಲು ಒಡೆಯದ ಬಾಟಲಿಯನ್ನು ಅಂಗಡಿಯವರು ತಿರುಗಿ ತೆಗೆದುಕೊಂಡರು. ಉಳಿದ ಆರರ ಬಗ್ಗೆ ಕಚೇರಿಗಳಿಗೆ ಅಲೆದೆ. ಅವಧಿ ಮೀರಿದ ಕೀಟನಾಶಕ 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪಟ್ಟಿಯಲ್ಲಿ ಇದೆ. ಆದರೂ ಒಬ್ಬ ರೈತನ ಮನೆಯ ಆರು ಡಬ್ಬಿಗಳನ್ನು ಬಂದು ಒಯ್ಯುವವರು ನನಗೆ ಸಿಗಲಿಲ್ಲ. ಇದು ನನಗೆ ಬಹಳ ನೋವಿನ ಸಂಗತಿ. ಮಾರುವಾಗ ಹಳ್ಳಿ ಹಳ್ಳಿಗೆ ಬರುವ ವ್ಯವಸ್ಥೆ ಇದೆ, ತಿರುಗಿ ಒಯ್ಯಲು ಇಲ್ಲ. ವರ್ಷಕ್ಕೊಂದು ದಿನ ತಾಲೂಕಿನ ಎ.ಪಿ.ಎಂ.ಸಿ. ಆವರಣದಲ್ಲಿ ಹಳೆಯ ವಿಷ ತಂದುಕೊಡಿ ಎಂದು ಕರೆದರೆ ನಾವು ತರುವುದಿಲ್ಲವೇ? ನಮ್ಮ ಗ್ರಾಮ ಪಂಚಾಯತಿಗೆ ಬರೆದುಕೊಟ್ಟಿದ್ದೇನೆ. ನೀವೂ ನಿಮ್ಮ ಗ್ರಾಮಸಭೆಯಲ್ಲಿ ಕೇಳಿ, ಹತ್ತು ಊರಿಂದ ಕೂಗು ಎದ್ದರೆ ಕೇಳಿಸುತ್ತದೆ.

ಖಾಲಿ ಡಬ್ಬಿಗೆ ಮಾತ್ರ ನಮ್ಮ ಕೈಯಲ್ಲೇ ಉಪಾಯ ಇದೆ. ಎಣ್ಣಿ ಮುಗಿದ ಕೂಡಲೇ ಡಬ್ಬಿಗೆ ಕಾಲು ಭಾಗ ನೀರು ಹಾಕಿ, ಮುಚ್ಚಳ ಬಿಗಿದು, ಅರ್ಧ ನಿಮಿಷ ಕುಲುಕಿ, ಆ ನೀರನ್ನು ಪಂಪಿಗೇ ಸುರಿದು ಬೆಳೆಗೇ ಹೊಡೆಯಿರಿ. ಹೀಗೆ ಮೂರು ಸಲ. ಆಮೇಲೆ ಡಬ್ಬಿಗೆ ತೂತು ಹೊಡೆಯಿರಿ, ಮತ್ತೆ ಯಾರೂ ಬಳಸದಂತೆ. ತೂತು ಹೊಡೆಯುವುದನ್ನು ಮರೆಯಬೇಡಿ. ನಮ್ಮ ಅವ್ವ ಇಂಥದ್ದೇ ಐದು ಲೀಟರ್ ಕ್ಯಾನನ್ನು ಬೂದಿ ಹಚ್ಚಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಹೊಲಕ್ಕೆ ಕುಡಿಯುವ ನೀರು ಒಯ್ಯುತ್ತಿದ್ದಳು. ಪ್ಲಾಸ್ಟಿಕ್ ವಿಷವನ್ನು ಹೀರಿಕೊಂಡಿರುತ್ತದೆ, ಎಷ್ಟು ತಿಕ್ಕಿದರೂ ಪೂರ್ತಿ ಹೋಗದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಕೊಳ್ಳುವಾಗಲೇ ಲೆಕ್ಕ ಹಾಕಿ. ಲೀಟರ್ ನೀರಿಗೆ ಎರಡು ಮಿಲಿ, ಎಕರೆಗೆ 200 ಲೀಟರ್ ನೀರು ಎಂದರೆ 400 ಮಿಲಿ ಸಾಕು. ಅಗ್ಗ ಎಂದು ಒಂದು ಲೀಟರ್ ತಂದರೆ 600 ಮಿಲಿ ಮಾಡಕ್ಕೆ ಹೋಗುತ್ತದೆ. ನಮ್ಮ ಮನೆಯ ಏಳು ಡಬ್ಬಿ ಹೀಗೇ ಕೂಡಿದ್ದವು.

ಇನ್ನೊಂದು ಮಾತು, ಹೇಳಲು ಕಷ್ಟವಾದರೂ ಹೇಳುತ್ತೇನೆ. ಮನಸ್ಸು ಒಡೆದ ಒಂದು ಗಳಿಗೆಯಲ್ಲಿ ಕೈಗೆ ಸಿಗುವ ಹಾಗೆ ಈ ಡಬ್ಬಿ ಇರಬಾರದು. ನಮ್ಮ ಹಳ್ಳಿಗಳು ಹೀಗೆ ಎಷ್ಟೋ ಜನರನ್ನು ಕಳೆದುಕೊಂಡಿವೆ. ಕೀಲಿ ನಿಮ್ಮ ಬಳಿ ಇರಲಿ. ಮನಸ್ಸಿಗೆ ಭಾರವಾದರೆ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಯಾರಾದರೂ ವಿಷ ನುಂಗಿದ್ದರೆ ವಾಂತಿ ಮಾಡಿಸುತ್ತ ಹೊತ್ತು ಕಳೆಯಬೇಡಿ, 108ಕ್ಕೆ ಕರೆದು, ಆ ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಯಾವ ವಿಷ ಎಂದು ವೈದ್ಯರು ಅದನ್ನು ನೋಡಿಯೇ ತಿಳಿಯುತ್ತಾರೆ.

ಡಬ್ಬಿ ಸಿಕ್ಕರೆ ಮೊದಲು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಕೇಳಿ. ಧಾರವಾಡದವರಿಗೆ ಕೃಷಿ ವಿಶ್ವವಿದ್ಯಾಲಯ, ಗದಗದವರಿಗೆ ಹುಲಕೋಟಿಯ, ಹಾವೇರಿಯವರಿಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಇವೆ. ಕಿಸಾನ್ ಕಾಲ್ ಸೆಂಟರಿನ ನಂಬರ್ ಬರೆದುಕೊಳ್ಳಿ, ನಿಧಾನವಾಗಿ ಹೇಳುತ್ತೇನೆ: 1800 180 1551. ಮತ್ತೊಮ್ಮೆ, 1800 180 1551. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರತನಕ, ದುಡ್ಡಿಲ್ಲದೆ.

ನಮ್ಮ ಡ್ರಮ್ಮು ಇನ್ನೂ ಮನೆಯಿಂದ ದೂರ, ಬಣವಿಯ ಆಚೆಯ ಕೋಣೆಯಲ್ಲಿದೆ. ಒಯ್ಯುವವರು ಬರುವತನಕ ತಿಂಗಳಿಗೊಮ್ಮೆ ಹೋಗಿ, ಸೋರಿದೆಯೇನೋ ಎಂದು ತಳ ನೋಡಿ ಬರುತ್ತೇನೆ. ನಮಸ್ಕಾರ.