ಕಾಡು ಸುಡುವ ಕುಟುಂಬದ ಲೆಕ್ಕ

ಸಭಿಕರೆ,

ಕಾಡು ಕಡಿದು, ಒಣಗಲು ಬಿಟ್ಟು, ಮಳೆಗೆ ಮುನ್ನ ಸುಟ್ಟು, ಆ ಬೂದಿಯಲ್ಲಿ ಒಂದೆರಡು ವರ್ಷ ಬೆಳೆ ತೆಗೆದು, ಬಳಿಕ ನೆಲವನ್ನು ಬೀಳುಬಿಡುವ ಪದ್ಧತಿಗೆ ಕನ್ನಡದಲ್ಲಿ ಕುಮರಿ ಬೇಸಾಯ ಎನ್ನುತ್ತೇವೆ. ಮಡಗಾಸ್ಕರ್‌ನಲ್ಲಿ ಅದು ತಾವಿ, ಈಶಾನ್ಯ ಭಾರತದಲ್ಲಿ ಝೂಮ್. ವಸಾಹತು ಆಡಳಿತಗಳು ಇದನ್ನು ಬಹುಕಾಲ ಅಜ್ಞಾನವೆಂದೋ ಸೋಮಾರಿತನವೆಂದೋ ಬಗೆದು ನಿಷೇಧಿಸಲು ಹೊರಟವು. ಆದರೆ ಹಾಗೆ ತೀರ್ಪು ಕೊಟ್ಟವರು ಅಳೆದದ್ದು ಎಕರೆಯ ಇಳುವರಿಯನ್ನು. ಕುಮರಿ ಕುಟುಂಬ ಅಳೆಯುವುದು ಒಂದು ದಿನದ ದುಡಿಮೆಗೆ ದಕ್ಕುವ ಕಾಳನ್ನು.

ಮೊದಲು ಮಣ್ಣನ್ನು ನೋಡೋಣ. ಉಷ್ಣವಲಯದ ಮಳೆಕಾಡುಗಳ ಹಸುರನ್ನು ಕಂಡು ಕೆಳಗಿನ ನೆಲವೂ ಅಷ್ಟೇ ಸಾರವತ್ತಾಗಿರಬೇಕೆಂದು ಭಾವಿಸುವುದು ಸಹಜ. ಆದರೆ ಸಾವಿರಾರು ವರ್ಷಗಳ ಮಳೆಯಲ್ಲಿ ಸುಣ್ಣ, ಪೊಟ್ಯಾಸಿಯಂಗಳೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದಿರುವ ಆ ಕೆಂಪು ಮಣ್ಣು ಅನೇಕ ಕಡೆ ಆಮ್ಲೀಯ. ಸಾರದ ಬಹುಪಾಲು ಇರುವುದು ನಿಂತ ಮರಗಳಲ್ಲಿ. ಮರವನ್ನು ಸುಟ್ಟಾಗ ಸಾರಜನಕ ಹೆಚ್ಚಾಗಿ ಹೊಗೆಯಲ್ಲಿ ಹೋಗುತ್ತದೆ, ನಿಜ. ಕ್ಯಾಲ್ಸಿಯಂ, ಪೊಟ್ಯಾಸಿಯಂ, ರಂಜಕ ಮಾತ್ರ ಬೂದಿಯಾಗಿ ನೆಲಕ್ಕಿಳಿದು ಆಮ್ಲೀಯತೆಯನ್ನು ತಗ್ಗಿಸುತ್ತವೆ. ಉತ್ತರ ಜಾಂಬಿಯಾದ ಬೆಂಬಾ ಜನರ ಚಿತೆಮೆನೆ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ: ಅವರು ಹೊಲದ ಹಲವು ಪಟ್ಟು ವಿಸ್ತಾರದ ಕುರುಚಲು ಕಾಡಿನಿಂದ ಕೊಂಬೆಗಳನ್ನಷ್ಟೇ ಸವರಿ, ನಡುವಿನ ಒಂದು ತುಂಡು ನೆಲಕ್ಕೆ ಹೊತ್ತು ತಂದು, ರಾಶಿ ಹಾಕಿ ಸುಟ್ಟು ರಾಗಿ ಬಿತ್ತುತ್ತಾರೆ. ಗೊಬ್ಬರದ ಅಂಗಡಿ ಇಲ್ಲದ ಕಡೆ ಕಾಡೇ ಗೊಬ್ಬರದ ಕಣಜ.

ಇನ್ನು ದುಡಿಮೆ. ಬೆಂಕಿ ಕೆಲವೇ ಗಂಟೆಗಳಲ್ಲಿ ಮಾಡುವ ಕೆಲಸವನ್ನು ಕೈಯಿಂದ ಮಾಡಲು ವಾರಗಳೇ ಬೇಕು. ಅದು ನೆಲದ ಮೇಲ್ಪದರದ ಕಳೆಬೀಜಗಳನ್ನೂ ಕೀಟಗಳನ್ನೂ ಸುಟ್ಟು, ಮೇಲ್ಮಣ್ಣನ್ನು ಸಡಿಲಗೊಳಿಸುತ್ತದೆ. ಉಳುಮೆಯಿಲ್ಲದೆ, ಮೋಟುಗಳ ನಡುವೆ ಗೂಟದಿಂದ ಗುಳಿ ಮಾಡಿ ಬೀಜ ಹಾಕಿದರೆ ಸಾಕು. ಎರಡನೆಯ, ಮೂರನೆಯ ವರ್ಷಕ್ಕೆ ಕುಟುಂಬ ಹೊಲ ಬಿಡಲು ಸಾರ ಕುಗ್ಗಿದ್ದು ಎಷ್ಟು ಕಾರಣವೋ ಕಳೆ ಮೇಲೆದ್ದದ್ದೂ ಅನೇಕ ಕಡೆ ಅಷ್ಟೇ ಕಾರಣ. ಬೀಳುಬಿಟ್ಟ ನೆಲದಲ್ಲಿ ಮೋಟುಗಳು ಚಿಗುರಿ, ಮರದ ನೆರಳು ಕವಿದು ಆ ಕಳೆಯನ್ನು ಕೂಲಿಯಿಲ್ಲದೆ ಅಡಗಿಸುತ್ತದೆ. ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೋಸರಪ್ 1965ರಲ್ಲಿ ವಾದಿಸಿದ್ದು ಇದನ್ನೇ: ನೆಲ ಹೇರಳವಾಗಿದ್ದು ಜನ ವಿರಳವಾಗಿರುವಾಗ ದೀರ್ಘ ಬೀಳಿನ ಬೇಸಾಯವೇ ದುಡಿಮೆಗೆ ಹೆಚ್ಚು ಫಲ ಕೊಡುತ್ತದೆ, ಜನ ದಟ್ಟವಾದ ಮೇಲಷ್ಟೇ ನೇಗಿಲು, ಗೊಬ್ಬರ, ನೀರಾವರಿಗಳ ಹೆಚ್ಚಿನ ಶ್ರಮಕ್ಕೆ ಅವರು ಒಪ್ಪುತ್ತಾರೆ.

ಬೆಂಕಿ ಬರಿಯ ರೂಢಿಯಾಗಿದ್ದರೆ ಎಲ್ಲೆಡೆಯೂ ಉರಿಯಬೇಕಿತ್ತು. ಕೊಲಂಬಿಯಾದ ಪೆಸಿಫಿಕ್ ಕರಾವಳಿಯಲ್ಲಿ ಕಡಿದದ್ದು ಒಣಗಲು ಮಳೆ ಬಿಡುವೇ ಕೊಡುವುದಿಲ್ಲ. ಅಲ್ಲಿಯ ರೈತರು ಬೀಜ ಚೆಲ್ಲಿ, ಅದರ ಮೇಲೆ ಗಿಡಗಂಟಿ ಕಡಿದು ಹಾಸಿ ಕೊಳೆಯಲು ಬಿಡುತ್ತಾರೆ.

ಮಾರುಕಟ್ಟೆ, ಸಾಲ, ಹಕ್ಕುಪತ್ರಗಳ ಸಂಗತಿಯೂ ಇದೆ. ರಸ್ತೆಯಿಲ್ಲದ ಊರಿಗೆ ರಸಗೊಬ್ಬರ ತಲುಪುವಷ್ಟರಲ್ಲಿ ಸಾಗಣೆಯೇ ಅದನ್ನು ದುಬಾರಿಯಾಗಿಸುತ್ತದೆ. ಬೆಳೆ ಕೈಕೊಟ್ಟರೆ ಸಾಲ ತೀರಿಸುವ ದಾರಿಯಿಲ್ಲದವರಿಗೆ ಬೂದಿ ಋಣವಿಲ್ಲದ ಗೊಬ್ಬರ. ಒಂದೇ ಹೊಲದಲ್ಲಿ ಭತ್ತ, ಮುಸುಕಿನ ಜೋಳ, ಮರಗೆಣಸು ಬೆರೆಸುವುದೂ ಇದೇ ಎಚ್ಚರಿಕೆಯಿಂದ. ಒಂದು ಹೋದರೆ ಇನ್ನೊಂದು ಉಳಿದೀತು. ಕೆಲವೆಡೆ ಕಾಡು ಕಡಿದವನಿಗೇ ನೆಲದ ಹಕ್ಕು ಎಂಬ ನಿಯಮವಿರುವುದರಿಂದ ಕೊಡಲಿಯೇ ಹಕ್ಕುಪತ್ರವೂ ಆಗುತ್ತದೆ.

ಈ ಲೆಕ್ಕ ನಿಂತಿರುವುದು ಬೀಳಿನ ಅವಧಿಯ ಮೇಲೆ. ಹದಿನೈದು, ಇಪ್ಪತ್ತು ವರ್ಷ ಮಲಗುತ್ತಿದ್ದ ನೆಲವನ್ನು ಜನಸಂಖ್ಯೆಯಿಂದಲೋ, ಕಾಡಿನ ಗಡಿಗೆ ಬೇಲಿ ಬಿದ್ದದ್ದರಿಂದಲೋ ಮೂರು ನಾಲ್ಕು ವರ್ಷಕ್ಕೇ ಮತ್ತೆ ಸುಟ್ಟಾಗ ಬೂದಿ ತೆಳುವಾಗುತ್ತದೆ, ಮರವಿದ್ದಲ್ಲಿ ಹುಲ್ಲು ಹಬ್ಬುತ್ತದೆ, ಕಳೆ ಕೀಳುವ ದಿನಗಳು ಏರುತ್ತವೆ. ಆಗ ಕುಟುಂಬದ ಮುಂದಿರುವುದು ಎರಡೇ ದಾರಿ: ಇನ್ನೂ ಒಳಗಿನ ಹಳೆಯ ಕಾಡು, ಇಲ್ಲವೇ ಅದೇ ನೆಲದಲ್ಲಿ ಗೊಬ್ಬರ ಹಾಕಿ ನಿಲ್ಲುವುದು. ಗೊಬ್ಬರವೂ ಸಾಲವೂ ಕೈಗೆಟುಕದ ಕಡೆ ನಿಷೇಧ ಹೇರಿದರೆ ಈ ಎರಡನೆಯ ದಾರಿ ತೆರೆಯುವುದಿಲ್ಲ. ಬೆಂಕಿ ಅರಣ್ಯರಕ್ಷಕನ ಕಣ್ಣಿಗೆ ಬೀಳದಷ್ಟು ದೂರ ಸರಿಯುತ್ತದೆ, ಅಷ್ಟೆ.